ಒಂದು ಗ್ರಾಂನಿಂದ ಒಂಬತ್ತರವರೆಗೆ

ಮನೆಯಿಂದ,
ಮಂಗಳವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಅತ್ತೆ,

ಮಂಡಿನೋವು ಹೇಗಿದೆ? ಮಗಳ ಮನೆಯ ಮೆಟ್ಟಿಲನ್ನು ದಿನಕ್ಕೆ ಹತ್ತು ಸಲ ಹತ್ತಿಳಿಯಬೇಡಿ, ಗದರಲು ಅಲ್ಲಿ ನಾನಿಲ್ಲ. ನಿಮ್ಮ ಮಗ ಆರಾಮಾಗಿದ್ದಾರೆ. ತಮ್ಮ ಕನ್ನಡಕ ಕಳೆದುಕೊಂಡು ನಿಮ್ಮ ಹಳೆಯದನ್ನೇ ಹಾಕಿಕೊಂಡು ಪೇಪರ್ ಓದುತ್ತಾರೆ. ನೋಡಿದರೆ ಥೇಟ್ ನೀವೇ.

ನಮ್ಮ ವಾರ್ಡಿನ ಅಪ್ಪುಗೆಯ ಕೋಣೆ ನೆನಪಿದೆಯಲ್ಲ? ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳನ್ನು ತಾಯಂದಿರು ಎದೆಗೆ ಒರಗಿಸಿಕೊಂಡು ಕೂರುವ, ಆರು ಕುರ್ಚಿಗಳ ಕೋಣೆ. ಅದನ್ನು ಮುಚ್ಚಿ ಸಾಮಾನು ತುಂಬುತ್ತಾರೆಂದು ಹೋದ ವಾರ ಕೇಳಿದೆ. ಎಂಟು ತಿಂಗಳಿಂದ ದಿನಾ ಕೂಸುಗಳನ್ನು ತೂಗಿ ಬರೆದವಳು ನಾನು. ಚೀಟಿ ಎತ್ತಿ ಎರಡು ಗುಂಪು ಮಾಡಿದ್ದೆವು. ಹೆಚ್ಚು ಹೊತ್ತು ಎದೆಗೊರಗಿದ ಕೂಸುಗಳು ದಿನಕ್ಕೆ ಸರಾಸರಿ ಇಪ್ಪತ್ತೇಳು ಗ್ರಾಂ ಏರಿದ್ದವು, ಎಂದಿನ ಆರೈಕೆಯವು ಇಪ್ಪತ್ತೆರಡು. ಸರಾಸರಿ ಎಂದರೂ ಅಂದಾಜೇ ತಾನೆ? ಅದಕ್ಕೇ ಆಚೀಚೆ ಒಂದು ವ್ಯಾಪ್ತಿ ಕೊಡುತ್ತಾರೆ: ಮೊದಲ ಗುಂಪಿಗೆ ಇಪ್ಪತ್ತನಾಲ್ಕರಿಂದ ಮೂವತ್ತು, ಎರಡನೆಯದಕ್ಕೆ ಹತ್ತೊಂಬತ್ತರಿಂದ ಇಪ್ಪತ್ತೈದು. ನಮ್ಮ ದೊಡ್ಡ ಡಾಕ್ಟರು ಹಾಳೆಯಲ್ಲಿ ಆ ವ್ಯಾಪ್ತಿಗಳಿಗೆ ಎರಡು ಗೆರೆ ಎಳೆದು, "ಒಂದರ ಬಾಲ ಇನ್ನೊಂದಕ್ಕೆ ತಾಗ್ತಿದೆ. ಅಂದ್ರೆ ವ್ಯತ್ಯಾಸ ಇಲ್ಲ, ಮುಗೀತು" ಎಂದುಬಿಟ್ಟರು.

ನನಗೆ ಲೆಕ್ಕ ಅಷ್ಟಕ್ಕಷ್ಟೆ, ಆದರೂ ಮನಸ್ಸು ಒಪ್ಪಲಿಲ್ಲ. ಊಟ ಬಿಟ್ಟು ಆ ಹಾಳೆ ಹಿಡಿದು ಮೂರನೇ ಮಹಡಿಯ ಅಂಕಿಅಂಶದ ಮೇಷ್ಟ್ರ ಹತ್ತಿರ ಓಡಿದೆ. ಕಡ್ಡಿ ಮುರಿದಂತೆ ಮಾತಾಡುವುದರಿಂದ ಅವರಿಗೆ ಕಡ್ಡಿ ಮೇಷ್ಟ್ರು ಎಂದೇ ಹೆಸರು. "ಗೆರೆ ತಾಗಿದ್ರೆ ವ್ಯತ್ಯಾಸ ಇಲ್ಲ ಅಂತ ಯಾರಮ್ಮ ಹೇಳಿದ್ದು? ವ್ಯತ್ಯಾಸಕ್ಕೇ ಬೇರೆ ಗೆರೆ ಎಳೀಬೇಕು" ಎಂದು ಲೆಕ್ಕ ಹಾಕಿದರು. ವ್ಯತ್ಯಾಸ ಐದು ಗ್ರಾಂ. ಅದರ ವ್ಯಾಪ್ತಿ ಸುಮಾರು ಒಂದರಿಂದ ಒಂಬತ್ತು. ಸೊನ್ನೆ, ಅಂದರೆ ವ್ಯತ್ಯಾಸವೇ ಇಲ್ಲ ಎನ್ನುವುದು, ಹೊರಗೇ ಉಳಿದಿತ್ತು! ನಾನು ಕುಣಿಯುವ ಮೊದಲೇ ತಣ್ಣೀರೆರಚಿದರು: "ತಡೀರಿ. ನಿಜವಾದ ಲಾಭ ಒಂದೇ ಗ್ರಾಂ ಇದ್ರೂ ಇರಬಹುದು. ಇಂಥ ಅಧ್ಯಯನ ನೂರು ಸಲ ಮಾಡಿದ್ರೆ ಸುಮಾರು ಐದು ಸಲ ಗೆರೆ ನಿಜಾನ ಹಿಡಿಯೋದೇ ಇಲ್ಲ. ಇನ್ನಷ್ಟು ಕೂಸು ಸೇರಿಸಿ, ಗೆರೆ ಗಿಡ್ಡ ಆಗುತ್ತೆ." ಇಬ್ಬರೂ ದೊಡ್ಡ ಡಾಕ್ಟರ ಬಳಿ ಹೋದೆವು. ಅವರು ಹೊಸ ಗೆರೆಯ ಮೇಲೆ ಬೆರಳಾಡಿಸಿ, "ನಾನು ಬೇರೆ ಪ್ರಶ್ನೆಗೆ ಉತ್ತರ ನೋಡ್ತಿದ್ದೆ" ಎಂದರು. ದೊಡ್ಡ ಮನುಷ್ಯ, ಅತ್ತೆ. ಕೋಣೆ ಇನ್ನೊಂದು ವರ್ಷಕ್ಕೆ ಉಳಿಯಿತು.

ಇವತ್ತು ಬೆಳಿಗ್ಗೆ ಗುಬ್ಬಿ ಎಂದು ನಾವು ಕರೆಯುವ ಕೂಸು ಒಂದೂವರೆ ಕಿಲೋ ದಾಟಿತು. ಒಂದು ಕೂಸಿನಿಂದ ಏನೂ ಸಾಬೀತಾಗದು ಎನ್ನುತ್ತಲೇ ಕಡ್ಡಿ ಮೇಷ್ಟ್ರು ಎರಡು ಸಲ ತಕ್ಕಡಿಯತ್ತ ಇಣುಕಿ ಹೋದರು.

ನಾದಿನಿಗೆ ಅಕ್ಕರೆ, ಅವಳ ಯಜಮಾನರಿಗೆ ನಮಸ್ಕಾರ. ನಿಮ್ಮ ಹರಕೆ ನನ್ನ ತಲೆಮೇಲಿರಲಿ.

ನಿಮ್ಮ ಸೊಸೆ

ತಾ.ಕ.: ಮುಖ್ಯ ಮಾತು ಬರೆಯಲು ಹೆದರಿ ಇಲ್ಲಿಯವರೆಗೆ ತಳ್ಳಿದೆ. ಕೆಲವು ತಾಯಂದಿರು ತಾವೇ ಹಾಸಿಗೆ ಹಿಡಿದಿರುತ್ತಾರೆ. ಅವರ ಕೂಸುಗಳನ್ನು ಎದೆಗೊರಗಿಸಿಕೊಳ್ಳಲು ಹೆಂಗಸರು ಬೇಕು. ಮಾವ ಹೋದ ಮೇಲೆ, "ಇನ್ನು ನನ್ನಿಂದ ಯಾರಿಗೇನು" ಎಂದು ಮಗಳ ಮನೆಗೆ ಹೊರಟಿರಲ್ಲ, ಆ ಮಾತಿಗೆ ಇದೋ ನನ್ನ ಉತ್ತರ. ಪಟ್ಟಿಯಲ್ಲಿ ಮೊದಲು ನಿಮ್ಮ ಹೆಸರನ್ನೇ ಬರೆಸಿದ್ದೇನೆ. ಬರುವ ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆಗೆ, ಕಿಟಕಿ ಪಕ್ಕದ ಕುರ್ಚಿ. ಬೈಯುವುದಿದ್ದರೆ ಬಂದು ಬೈಯಿರಿ.