ಬೆಂಕಿ ತೋರಿಸದ ಪರದೆ

ಫೆಬ್ರವರಿ 3, ಸೋಮವಾರ

ಲ್ಯಾಬಿನಲ್ಲಿ ಮತ್ತೆ ಕರೆಂಟಿಲ್ಲ. ಯುಪಿಎಸ್ ರೂಮಿನ ಕೀಲಿ ಪ್ರಿನ್ಸಿಪಾಲರ ಬಳಿ. ಪ್ರಿನ್ಸಿಪಾಲರು ಕೊಪ್ಪಳದಲ್ಲಿ. ನಾನು ಗಂಗಾವತಿಯಲ್ಲಿ ಸುಮ್ಮನೆ ಕೂತಿದ್ದೇನೆ.

ಪೈಲಟ್ ಮುಂದಿನ ಪರದೆಯಲ್ಲಿ ಯಾವ ಎಚ್ಚರಿಕೆ ಮೊದಲು ಬರಬೇಕು — ಪ್ರಶ್ನೆ ಇಷ್ಟೇ. ನಾನು ಅದನ್ನು ನಿಯಮಗಳಲ್ಲಿ ಬರೆದಿದ್ದೇನೆ. 'ಹೀಗಿದ್ದರೆ ಹೀಗೆ ಮಾಡು' ಎಂಬ ಬಿಡಿ ಸಾಲುಗಳು. ಯಾವುದು ಯಾವಾಗ ಎಂದು ಕಂಪ್ಯೂಟರೇ ನೋಡಿಕೊಳ್ಳುತ್ತದೆ. ಜೊತೆಯ ಲೆಕ್ಚರರ್ ಗೌರೀಶನದು ಮಾಮೂಲಿ ಪ್ರೋಗ್ರಾಂ, ಪ್ರತಿ ಹೆಜ್ಜೆಯನ್ನೂ ಅವನೇ ಬರೆಯಬೇಕು. ಎರಡರಲ್ಲಿ ಯಾವುದು ಮೇಲು? ಅದೇ ನನ್ನ ಪಿಎಚ್‌ಡಿ. ಗೈಡ್ ದೇವೇಂದ್ರಪ್ಪ ಸರ್ ಪರೀಕ್ಷೆಗೆ ಮೊದಲೇ ಉತ್ತರ ಬರೆದು ಕಾನ್ಫರೆನ್ಸಿಗೆ ಕಳಿಸಿಬಿಟ್ಟಿದ್ದಾರೆ — ನಿಯಮಗಳೇ ಮೇಲು. ಇನ್ನು ಪರೀಕ್ಷೆ ಏಕೆ?

ಫೆಬ್ರವರಿ 6, ಗುರುವಾರ

ತಳಕಲ್‌ನಿಂದ ದುರುಗಪ್ಪನವರು ಬಂದರು. ವಾಯುಪಡೆಯಲ್ಲಿ ಇಪ್ಪತ್ತು ವರ್ಷ ವಿಮಾನ ರಿಪೇರಿ ಮಾಡಿದವರು. ನಮಗೆ ಸಿಕ್ಕ ಪೈಲಟ್ ಇವರೇ. ನಮ್ಮ ನಕಲಿ ವಿಮಾನದ ಪರದೆ ಮುಂದೆ ಕೂತ ಐದು ನಿಮಿಷಕ್ಕೇ ಶುರು.

"ಇದೇನ್ರಿ ಮೇಡಂ, ವಿಮಾನ ಮ್ಯಾಲ ಏಳೂ ಹೊತ್ತಿನ್ಯಾಗ ಲೈಟ್ ಕೆಟ್ಟೈತಿ, ಫ್ಯಾನ್ ಕೆಟ್ಟೈತಿ ಅಂತ ಒದರತೈತಿ! ಆಗ ಸಣ್ಣಪುಟ್ಟದ್ದೆಲ್ಲಾ ಸುಮ್ಮಕಿರಬೇಕು."

ಸರಿಯಾದ ಮಾತು. ಒಂದೇ ನಿಯಮ ಸೇರಿಸಿದೆ. ಹತ್ತು ನಿಮಿಷ. ಗೌರೀಶ ನಲವತ್ತೊಂದು ಕಡೆ ತಿದ್ದಬೇಕಂತೆ.

ಫೆಬ್ರವರಿ 10, ಸೋಮವಾರ

"ನಲವತ್ತೊಂದರಾಗ ಇಪ್ಪತ್ತಾರ ಆಗ್ಯಾವ್ರಿ ಮೇಡಂ," ಅಂದ ಗೌರೀಶ. ನಾನು ಸ್ವಲ್ಪ ಮೆರೆದೆ. ಒಪ್ಪಿಕೊಳ್ಳುತ್ತೇನೆ.

ಫೆಬ್ರವರಿ 13, ಗುರುವಾರ, ಸಂಜೆ 5

ಟೇಕಾಫ್ ಹೊತ್ತಿಗೆ ಎಂಜಿನ್ನಿಗೆ ಬೆಂಕಿ ಹತ್ತಿದ ಹಾಗೆ ಸಿಗ್ನಲ್ ಕೊಟ್ಟೆವು. ಗೌರೀಶನ ಪರದೆ ಕೆಂಪಾಯಿತು. ನನ್ನದು... ಖಾಲಿ.

ದುರುಗಪ್ಪನವರು ಕುರ್ಚಿ ಹಿಂದಕ್ಕೆ ಸರಿಸಿದರು. "ನಿಮ್ಮ ವಿಮಾನದಾಗ ನಾ ಸತ್ತೆ ನೋಡ್ರಿ."

ಕಾರಣ ಹುಡುಕಲು ಎರಡು ಗಂಟೆ. ಒಂದೇ ಸೆನ್ಸರ್ ಬೆಂಕಿ ಅಂದರೆ, ಎರಡನೆಯದೂ ಹೇಳುವ ತನಕ ಅದನ್ನು ಸಣ್ಣದೆಂದು ಎಣಿಸು — ಇದು ನನ್ನ ಹಳೆಯ ನಿಯಮ. ಸಣ್ಣದನ್ನು ತೋರಿಸಬೇಡ — ಇದು ಹೊಸದು. ಒಂದೊಂದೂ ಸರಿ. ಎರಡೂ ಕೂಡಿದರೆ ಕೊಲೆ.

"ನಿಂಗ್ಹ್ಯಾಂಗ ಗೊತ್ತಾತು?" ಗೌರೀಶನನ್ನು ಕೇಳಿದೆ.

"ಗೊತ್ತೇನಿಲ್ರಿ. ಮೂವತ್ಮೂರನೇದು ತಿದ್ದೂ ಮುಂದ ಬೆಂಕಿ ಅಂತ ಕಣ್ಣಿಗೆ ಬಿತ್ತು. ಅದನ್ನ ಮುಟ್ಟಲಿಲ್ಲ."

ಫೆಬ್ರವರಿ 14, ಶುಕ್ರವಾರ

ದೇವೇಂದ್ರಪ್ಪ ಸರ್‌ಗೆ ಬೆಂಕಿಯ ವಿಷಯ ಹೇಳಿದೆ. ತಲೆ ಎತ್ತಲೇ ಇಲ್ಲ. "ನಿಯಮ ಸರಿ ಮಾಡೀರಲ್ಲ? ಅದೊಂದ್ ಟೆಸ್ಟ್ ತಗದ ಹಾಕ್ರಿ."

"ಆಗಿದ್ದು ಖರೇ ಅಲ್ರಿ ಸರ್?"

"ನಾಕ ವರ್ಷ ಆತು ನಿಮ್ದು. ಇನ್ನೂ ನಾಕ ಬೇಕೇನು?"

ಲ್ಯಾಬಿಗೆ ವಾಪಸ್ ಬಂದೆ. ಸಿಟ್ಟು ಅವರ ಮೇಲೋ, ಹೂಂ ಅನ್ನಲು ಹೊರಟಿದ್ದ ನನ್ನ ಮೇಲೋ...

ಫೆಬ್ರವರಿ 24, ಸೋಮವಾರ, ಮಧ್ಯಾಹ್ನ 12

ಹತ್ತು ದಿನ ಒಂದಕ್ಷರ ಬರೆಯಲಿಲ್ಲ. ಇಂದು ಕೂತು ಫಲಿತಾಂಶದ ಟೇಬಲ್ ತುಂಬಿಸಿದೆ. ಬದಲಾವಣೆಗೆ: ನನಗೆ ಹತ್ತು ನಿಮಿಷ, ಅವನಿಗೆ ಐದು ದಿನ. ಬೆಂಕಿ: ಅವನದು ತೋರಿಸಿತು, ನನ್ನದು ಇಲ್ಲ. ಯಾವುದು ಮೇಲು ಎಂದು ಒಂದು ಸಾಲಿನಲ್ಲಿ ಹೇಳಲಾಗದು ಎಂದೂ ಬರೆದೆ. ಸರ್‌ಗೆ ಕಳಿಸಿದೆ. ಕಾನ್ಫರೆನ್ಸಿನವರಿಗೂ.

ಮಧ್ಯಾಹ್ನ 3

ಸರ್ ಫೋನ್. ಬೈಯಲಿಲ್ಲ. "ಹಂಗಾರ ಬ್ಯಾರೆ ಗೈಡ್ ನೋಡ್ಕೋರಿ," ಅಂದು ಇಟ್ಟರು.

ಆಫೀಸಿನಿಂದ ಫಾರ್ಮ್ ತಂದಿದ್ದೇನೆ. ಗೈಡ್ ಬದಲಾವಣೆಗೆ ಕಾರಣ — ಅಂತ ಇದೆ. ಬರೆಯಲು ಒಂದೂವರೆ ಇಂಚು ಜಾಗ. ಮೊದಲು ಇಲ್ಲಿ ಬರೆದು ನೋಡುತ್ತೇನೆ.

ಕಾರಣ: ಒಬ್ಬ ಮನುಷ್ಯ ನನ್ನ ಎದುರಿಗೆ ಕುರ್ಚಿಯಲ್ಲಿ ಕೂತು 'ನಾ ಸತ್ತೆ' ಅಂದರು; ಅದು ಆಗಲೇ ಇಲ್ಲ ಎಂದು ಬರೆಯಲು ನನ್ನಿಂದ ಆಗಲಿಲ್ಲ.