ದೀಪಸ್ತಂಭದವನ ಲಾಟೀನು

ಐವರ್ ಗ್ರಾಮ
ನವೆಂಬರ್ ೯, ಗುರುವಾರ

ನನ್ನ ಮುದ್ದು ಮುನಿಸುಗಾರ ಕ್ಲೆಮ್‌ಗೆ,

ನಿನ್ನ ಹೆಟ್ಟಿಯ ಅಪ್ಪುಗೆ. ಫೋನು ಆಫ್ ಮಾಡಿಕೊಂಡು ಅಕ್ಕನ ಮನೆಯಲ್ಲಿ ಕೂತಿರುವ ಗಂಡನಿಗೆ ಕಾಗದ ಬರೆಯದೆ ಬೇರೆ ದಾರಿಯೇನಿದೆ? ಎಡಗೈ ತಗುಲಿ ಎಂದಿನಂತೆ ಶಾಯಿ ಹರಡಿದೆ, ಸುಧಾರಿಸಿಕೊಂಡು ಓದು. ವಿಟ್ಬಿಯ ಸಮುದ್ರದ ಗಾಳಿ ನಿನ್ನ ಎದೆಗೆ ಆಗಿಬರುವುದಿಲ್ಲ, ಮಫ್ಲರ್ ಬೇರೆ ಇಲ್ಲೇ ಬಿಟ್ಟು ಹೋಗಿದ್ದೀಯ. ನಾನು ಆರಾಮವಾಗಿದ್ದೇನೆ, ನನ್ನ ಚಿಂತೆ ಬೇಡ.

ಮೇವಿಸ್ ಅತ್ತಿಗೆ ಫೋನು ಮಾಡಿದ್ದರು. "ಇವನು ಮೀನು ಕೂಡ ಮುಟ್ತಿಲ್ಲ ಕಣೇ ಹೆಟ್ಟಿ. ಲೇತು ಮಷೀನು ಮಾರಿಬಿಡ್ತೀನಿ, ಇನ್ನು ಈ ಕೆಲಸಾನೇ ಬೇಡ ಅಂತಾನೆ" ಎಂದರು. ಲೇತು ಮಾರುವ ಮಾತು ಕೇಳಿ ನನಗೆ ಮೈಯೆಲ್ಲ ಉರಿಯಿತು.

ಆ ಹಳೆಯ ದೀಪಸ್ತಂಭದ ಸಿನಿಮಾದ ಲಾಟೀನಿನ ಹಿಂದೆ ನಿನ್ನ ಅರ್ಧ ಆಯಸ್ಸು ಹೋಯಿತು. ಸಿನಿಮಾವನ್ನು ಅಲ್ಲಲ್ಲಿ ನಿಲ್ಲಿಸಿ, ಪರದೆಗೆ ಮೂಗು ತಾಗಿಸಿ, ಅಳೆದು ನಕ್ಷೆ ಬರೆದೆ. ಆ ಸಿನಿಮಾದ ಅಭಿಮಾನಿಗಳ ನಿಮ್ಮ ಕೂಟದವರೆಲ್ಲ ಅದೇ ನಕ್ಷೆ ಇಟ್ಟುಕೊಂಡು ತಮ್ಮ ತಮ್ಮ ಲಾಟೀನು ಮಾಡಿಕೊಂಡರು. ಕೊನೆಗೊಂದು ದಿನ, ಚಿತ್ರೀಕರಣದಲ್ಲಿ ಬಳಸಿದ ಅಸಲಿ ಲಾಟೀನನ್ನೇ ಕೈಯಲ್ಲಿ ಹಿಡಿದು ನೋಡಲು ಸಂಗ್ರಹಾಲಯದವರು ಕರೆದರೆ, ಬತ್ತಿ ಏರಿಸುವ ತಿರುಪು ನಿನ್ನ ನಕ್ಷೆಯಲ್ಲಿದ್ದಂತೆ ಬಲಗಡೆ ಇಲ್ಲ, ಎಡಗಡೆ ಇದೆ! ಅಲ್ಲಿಂದ ಮನೆಗೆ ಬಂದ ನೀನು, "ಎಲ್ಲರ ಲಾಟೀನೂ ಕೆಡಿಸಿಬಿಟ್ಟೆನಲ್ಲೇ" ಎಂದವನೇ ರೈಲು ಹತ್ತಿಬಿಟ್ಟೆ.

ಭಾನುವಾರ ಕೂಟದವರು ಮನೆಗೆ ಬಂದರು. ಜಗಳಕ್ಕೇ ಬಂದರೇನೋ ಎಂದು ನಾನೂ ತೋಳೇರಿಸಿ ನಿಂತೆ. ನೋಡಿದರೆ ಡೆನ್ಝಿಲ್‌ನ ಕೈಯಲ್ಲಿ ಸೇಬಿನ ಪೈ! "ಎಲ್ಲಮ್ಮಾ ನಿನ್ನ ಗಂಡ? ಮೂತಿ ಉಬ್ಬಿಸ್ಕೊಂಡು ಓಡಿಹೋದ್ರೆ ನಮ್ಮ ಲಾಟೀನು ರಿಪೇರಿ ಮಾಡೋರು ಯಾರು?" ಎಂದ. ಪ್ರೂ ಮಾತ್ರ ನಗಲಿಲ್ಲ. "ಕ್ಲೆಮ್ ಕಣ್ಣು ತಪ್ಪೋದಾ? ನಾನಂತೂ ನಂಬಲ್ಲ. ಸಿನಿಮಾ ಹಾಕು ಹೆಟ್ಟಿ, ಇನ್ನೊಂದ್ಸಲ ನೋಡೋಣ" ಎಂದಳು. ಆ ಹುಡುಗಿಯ ಮೇಲೆ ನನಗೆ ಪ್ರೀತಿ ಉಕ್ಕಿಬಂತು.

ಲಾಟೀನು ಹತ್ತಿರದಿಂದ ಕಾಣುವುದು ಆ ಒಂದೇ ದೃಶ್ಯದಲ್ಲಿ ತಾನೇ, ಕಾವಲುಗಾರ ಮೆಟ್ಟಿಲು ಹತ್ತುವಾಗ? ನೀವೆಲ್ಲ ಲಾಟೀನು ನೋಡುವವರು. ಕೋಟು ಹೊಲಿದೇ ಬದುಕಿದವಳು ನಾನು, ಕೋಟು ನೋಡಿದೆ. ಬಾಗಿಲು ತೆರೆಯುವಾಗ ಅವನ ಕೋಟಿನ ಗುಂಡಿ ಬಲಕ್ಕಿದ್ದವು, ಗಂಡಸರ ಕೋಟಿಗೆ ಇರುವ ಹಾಗೆ. ಮೆಟ್ಟಿಲು ಹತ್ತುವಾಗ ಎಡಕ್ಕೆ ಬಂದಿದ್ದವು. "ಈ ಪುಣ್ಯಾತ್ಮ ನಡುವೆ ಹೆಂಡತಿ ಕೋಟು ಹಾಕ್ಕೊಂಡ್ನಾ?" ಎಂದೆ. ಡೆನ್ಝಿಲ್‌ನ ಬಾಯಿಗೆ ಹೋಗುತ್ತಿದ್ದ ಚಮಚ ಅಲ್ಲೇ ನಿಂತಿತು.

ಸಿನಿಮಾ ಜೋಡಿಸಿದವರು ಯಾರೋ ಆ ದೃಶ್ಯವೊಂದನ್ನು ಎಡಬಲ ಮಾಡಿಬಿಟ್ಟಿದ್ದಾರೆ ಕ್ಲೆಮ್, ಕನ್ನಡಿಯಲ್ಲಿ ಕಂಡ ಹಾಗೆ. ನಿನ್ನ ಕಣ್ಣು ಕಂಡದ್ದನ್ನೇ ಕಂಡಿತು. ತಪ್ಪು ನಿನ್ನದಲ್ಲ.

ಅಷ್ಟಕ್ಕೆ ನಿನಗೆ ಸಮಾಧಾನವಾಗದು ಎಂದು ಗೊತ್ತು. ಅಸಲಿಯ ಹಾಗೆ ಇಲ್ಲದಿದ್ದರೆ ನಿನಗೆ ಅದು ಬರೀ ತಗಡಿನ ಡಬ್ಬಿ. ಇಂಥ ಹಟಮಾರಿ ಎಂದು ತಿಳಿದೇ ಕಟ್ಟಿಕೊಂಡವಳು ನಾನು. ಲೇತಿಗೆ ಎಣ್ಣೆ ಹಾಕಿ ಮುಚ್ಚಿಟ್ಟಿದ್ದೇನೆ. ಮನಸ್ಸಾದಾಗ ಬಾ, ಅವಸರವೇನಿಲ್ಲ.

ಎಂದೆಂದೂ ನಿನ್ನವಳೇ,
ಹೆಟ್ಟಿ

ಮರೆತಿದ್ದೆ: ಹಿತ್ತಿಲ ಬಾಗಿಲ ಮೊಳೆಗೆ ತೂಗುಹಾಕಿರುವ ನನ್ನ ಲಾಟೀನು ನೆನಪಿದೆಯೇ? ಮದುವೆಯ ಹೊಸತರಲ್ಲಿ, ಎಡಗೈಯವಳಿಗೆ ಸಲೀಸಾಗಲಿ ಎಂದು ನೀನು ಅದೊಂದಕ್ಕೆ ಮಾತ್ರ ತಿರುಪನ್ನು ಎಡಕ್ಕೆ ಇಟ್ಟು ಮಾಡಿಕೊಟ್ಟಿದ್ದೆ. "ಹೆಂಡತಿ ಅಂದ್ರೆ ಸಾಕು, ಇವನ ಅಳತೆ ಎಲ್ಲಾ ತಪ್ಪೋಗತ್ತೆ" ಎಂದು ಡೆನ್ಝಿಲ್ ಆಡಿಕೊಳ್ಳುತ್ತಿದ್ದನಲ್ಲ, ಅದೇ. ಕಟ್ಟಿಗೆ ತರಲು ಅದನ್ನು ಎತ್ತಿಕೊಂಡಾಗ ಹೊಳೆಯಿತು. ನಿನ್ನೆ ಸಂಗ್ರಹಾಲಯಕ್ಕೆ ಒಯ್ದು ಅಸಲಿಯ ಪಕ್ಕದಲ್ಲಿ ಇಟ್ಟುನೋಡಿದೆ. ಕೂದಲೆಳೆಯ ವ್ಯತ್ಯಾಸವಿಲ್ಲ. ನೀನು ಮಾಡಿದವುಗಳಲ್ಲೆಲ್ಲ ಸರಿಯಾಗಿರುವುದು ನನಗಾಗಿ ತಪ್ಪು ಮಾಡಿದ ಅದೊಂದೇ. ಅಳತೆ ತೆಗೆದುಕೊಳ್ಳಲು ಶನಿವಾರ ಎಲ್ಲರೂ ಬರುತ್ತಾರೆ. ಮಾಡಿದವನು ಬರುವ ತನಕ ಯಾರೂ ಮುಟ್ಟಕೂಡದು ಎಂದಿದ್ದೇನೆ. ಆರಾಮವಾಗಿದ್ದೇನೆ ಎಂದು ಮೇಲೆ ಬರೆದದ್ದು ಸುಳ್ಳು. ಬೇಗ ಬಾ.