ಕಣ್ಣು ಮುಚ್ಚಿ ಹೇಳಿದ ಮಾತು

ಅಂಕನದೊಡ್ಡಿ,
ಹಲಗೂರು ಹೋಬಳಿ, ಮಳವಳ್ಳಿ ತಾಲ್ಲೂಕು
೧೧ ನವೆಂಬರ್, ಮಂಗಳವಾರ

ಪ್ರೀತಿಯ ತಂಗಿ ಕರುಣಾಳಿಗೆ,

ನಿನ್ನ ಹಿಮ್ಮಡಿ ನೋವು ಹೇಗಿದೆ? ರಾತ್ರಿ ಪಾಳಿ ಬಿಡಿಸಿಕೊಂಡೆಯಾ, ಇಲ್ಲ ಇನ್ನೂ ಆ ಕಾಲು ಎಳೆದುಕೊಂಡೇ ವಾರ್ಡಿನ ತುಂಬ ಓಡಾಡುತ್ತಿದ್ದೀಯಾ? ನಿಮ್ಮ ಯಜಮಾನರ ಸಕ್ಕರೆ ಹತೋಟಿಗೆ ಬಂತೇ? ಮಗಳು ಸ್ಫೂರ್ತಿ ಚೆನ್ನಾಗಿದ್ದಾಳೆಯೇ? ಕಾಗದ ಬರೆದರೆ ಮೊದಲು ಆರೋಗ್ಯ ವಿಚಾರಿಸಬೇಕೆಂದು ಅಪ್ಪ ನಮಗೆ ಕಲಿಸಿದ್ದಾರೆ, ಅದಕ್ಕೇ ವಿಚಾರಿಸಿದೆ. ನನ್ನ ಆರೋಗ್ಯದ ವಿಷಯ ನಾನು ಬರೆಯುವುದಿಲ್ಲ. ಅದು ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಎರಡು ತಿಂಗಳಿಂದ ಗೊತ್ತು.

ಹೌದು ಕಣೇ, ನನಗೂ ಗೊತ್ತಾಯಿತು. ನನ್ನ ಎದೆಯಲ್ಲಿರುವುದು ನೀನು ಹೇಳಿದ ಕೊಬ್ಬಿನ ಗಂಟಲ್ಲ, ಕ್ಯಾನ್ಸರ್ ಎಂದು ಶನಿವಾರ ಸಂಜೆ ತಿಳಿಯಿತು. ಯಾವ ಡಾಕ್ಟರೂ ನನಗೆ ಹೇಳಲಿಲ್ಲ. ನಿನ್ನ ಭಾವನೂ ಹೇಳಲಿಲ್ಲ. ಅವರು ಹೇಳಿದ್ದು ದೇವರಿಗೆ, ಅದೂ ಈ ಊರಿನ ಹೊನ್ನಯ್ಯ ಗೌಡರ ನಡುಮನೆಯಲ್ಲಿ, ಅವರ ಮನೆಮಂದಿಯೆಲ್ಲ ಸುತ್ತ ಕೂತಿರುವಾಗ. ನಾನು ಪಕ್ಕದಲ್ಲಿದ್ದೆ, ಕೇಳಿಸಿಕೊಂಡೆ. ಫೋನ್ ಮಾಡಿ ಬೈಯೋಣವೆಂದುಕೊಂಡೆ. ನಾನು ಬೈದರೆ ನೀನು ಅಳುತ್ತೀಯ, ನೀನು ಅತ್ತರೆ ನಾನೇ ಸಮಾಧಾನ ಮಾಡಬೇಕು. ರೋಗ ನನಗೆ, ಸಮಾಧಾನ ನಿನಗೆ, ಇದು ಯಾವ ನ್ಯಾಯ? ಅದೂ ಅಲ್ಲದೆ ಗಂಡಹೆಂಡಿರಿಬ್ಬರಿಗೂ ಸೇರಿ ಇಲ್ಲಿರುವುದು ಒಂದೇ ಫೋನು, ಅದು ಸದಾ ನಿನ್ನ ಭಾವನ ಜೇಬಿನಲ್ಲಿ.

ನೀನು ಈ ಊರಿಗೆ ಒಂದು ಸಲವೂ ಬಂದಿಲ್ಲ. ಇಲ್ಲಿ ನಮ್ಮ ದಿನ ಹೇಗೆ ಹೋಗುತ್ತದೆಂದು ತಿಳಿಯದಿದ್ದರೆ ಈ ಅನಾಹುತ ಹೇಗಾಯಿತೆಂದೂ ನಿನಗೆ ಅರ್ಥವಾಗದು. ಪಾದ್ರಿಗಳಿಲ್ಲದ ಹಳ್ಳಿಗಳಿಗೆ ನಿವೃತ್ತರಾದ ಗಂಡಹೆಂಡಿರು ಎರಡು ವರ್ಷ ಸೇವೆಗೆ ಹೋಗಬಹುದು ಎಂದು ಸಭೆಯವರು ಕೇಳಿದಾಗ ನಿನ್ನ ಭಾವ ನನ್ನ ಮುಖ ಕೂಡ ನೋಡದೆ ಕೈಯೆತ್ತಿದರು. ಬದುಕೆಲ್ಲ ಮದ್ದೂರು ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ ಬಸ್ಸು ಹೋಗುವ ಊರುಗಳನ್ನು ಮೈಕಿನಲ್ಲಿ ಕೂಗಿದ ಮನುಷ್ಯ, ನಿವೃತ್ತಿಯಾದ ಮೇಲೆ ಆ ಗಂಟಲನ್ನು ಎಲ್ಲಿ ಖರ್ಚು ಮಾಡಬೇಕು? ನಾನೋ ಮಂಡ್ಯದ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟು ಸಾಕಾಗಿ ಮನೆಯಲ್ಲಿ ಸುಮ್ಮನೆ ಕೂರಬೇಕೆಂದಿದ್ದವಳು. ಈಗ ದೇವಾಲಯಕ್ಕೆ ಅಂಟಿಕೊಂಡ ಎರಡು ಕೋಣೆಯಲ್ಲಿ ನಮ್ಮ ಸಂಸಾರ. ಹಿಂದೆ ಒಂದು ಹುಣಸೆಮರ. ನಮ್ಮ ಸಭೆಯ ಮನೆಗಳು ಹತ್ತೋ ಹನ್ನೆರಡೋ ಇವೆ, ಉಳಿದದ್ದೆಲ್ಲ ಗೌಡರ ಊರು. ಭಾವ ಬೆಳಗಿನ ಜಾವ ಎದ್ದು ಗಂಟೆ ಹೊಡೆದು, ಒಬ್ಬರೇ ದೇವಾಲಯದೊಳಗೆ ಕೂತು ಊರವರ ಕಷ್ಟವನ್ನೆಲ್ಲ ಒಬ್ಬೊಬ್ಬರ ಹೆಸರು ಹಿಡಿದು ಕರ್ತನಿಗೆ ಒಪ್ಪಿಸುತ್ತಾರೆ. ಅಷ್ಟರಲ್ಲಿ ನಾನು ಅಂಗಳ ಗುಡಿಸಿ, ನೀರು ಹಿಡಿದು, ಉಪ್ಪಿಟ್ಟೋ ರೊಟ್ಟಿಯೋ ಮಾಡಿರುತ್ತೇನೆ. ತಿಂದು ಇಬ್ಬರೂ ಮನೆಮನೆಗೆ ಹೊರಡುತ್ತೇವೆ. ಕಾಯಿಲೆಯವರ ಹತ್ತಿರ ಕೂರುವುದು, ಬೆಳಗಿನ ಮಾತ್ರೆ ಯಾವುದು ರಾತ್ರಿಯದು ಯಾವುದು ಎಂದು ಬೇರೆ ಮಾಡಿಕೊಡುವುದು, ಮುನಿಸಿಕೊಂಡ ಅತ್ತೆಸೊಸೆಯರ ದೂರು ಕೇಳುವುದು. ಮಧ್ಯಾಹ್ನ ಹುಣಸೆಮರದ ಕೆಳಗೆ ನನ್ನ ಲೆಕ್ಕದ ಪಾಠ. ಬರುವವರಲ್ಲಿ ಗೌಡರ ಮಕ್ಕಳೇ ಜಾಸ್ತಿ. ಭಾನುವಾರ ಆರಾಧನೆಯನ್ನು ಭಾವನೇ ನಡೆಸುತ್ತಾರೆ, ತಿಂಗಳಿಗೊಮ್ಮೆ ಮಳವಳ್ಳಿಯಿಂದ ಸಭಾಪಾಲಕರು ಬಂದು ರೊಟ್ಟಿ ದ್ರಾಕ್ಷಾರಸದ ಸಂಸ್ಕಾರ ಕೊಟ್ಟು ಹೋಗುತ್ತಾರೆ.

ಬಂದ ಹೊಸತರಲ್ಲಿ ಊರಿನವರಿಗೆ ನಮ್ಮ ಮೇಲೆ ಅನುಮಾನವಿತ್ತು. ಹೊನ್ನಯ್ಯ ಗೌಡರು ಸೀದಾ ಬಾಗಿಲಿಗೇ ಬಂದು, "ಅಯ್ನೋರೆ, ಜನಾನ ಜಾತಿ ಬುಡ್ಸಾಕ್ ಬಂದಿದ್ದೀರಾ ಯೆಂಗೆ? ಮೊದ್ಲೇ ಏಳ್ಬುಡಿ" ಎಂದು ಕೇಳಿದರು. ನಿನ್ನ ಭಾವನೂ ಮದ್ದೂರಿನವರೇ ತಾನೇ. "ಇಲ್ಲ ಗೌಡ್ರೆ, ಕರದ್ ಮನೆಗೆ ಓಯ್ತೀವಿ, ಕರೀದಿದ್ರೆ ನಮ್ ಪಾಡ್ಗೆ ನಾವ್ ಇರ್ತೀವಿ" ಎಂದರು. ಆ ಮಾತು ಗೌಡರಿಗೆ ಹಿಡಿಸಿತು. ಅವತ್ತಿನಿಂದ ಅವರ ಹೆಂಡತಿ ದೇವಿರಮ್ಮನವರ ಹಿತ್ತಲಿನ ಸೊಪ್ಪು ನಮ್ಮ ಸಾರಿಗೆ ಬೀಳುತ್ತಿದೆ. ಈ ಒಂದೂವರೆ ವರ್ಷದಲ್ಲಿ ಅವರು ನಮ್ಮ ದೇವಾಲಯದ ಒಳಗೆ ಕಾಲಿಟ್ಟಿಲ್ಲ, ನಾವು ಅವರ ಗುಡಿಯೊಳಗೆ ಕಾಲಿಟ್ಟಿಲ್ಲ, ಆದರೆ ದೇವಿರಮ್ಮನಷ್ಟು ಹತ್ತಿರದವರು ನನಗೆ ಈ ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ.

ಇನ್ನು ನಿನ್ನ ಭಾವನ ಪ್ರಾರ್ಥನೆ. ಕಣ್ಣು ಮುಚ್ಚಿದರೆ ಅವರ ಪಾಲಿಗೆ ಎದುರಿನ ಜನವೂ ಇಲ್ಲ, ಪಕ್ಕದ ಹೆಂಡತಿಯೂ ಇಲ್ಲ. ನಿನ್ನ ಮದುವೆಯಲ್ಲಿ ಊಟಕ್ಕೆ ಮುಂಚೆ ಪ್ರಾರ್ಥಿಸಲು ನಿಂತವರು ಅಡಿಗೆಯವನ ಮೂಲವ್ಯಾಧಿಯ ತನಕ ಹೋಗಿದ್ದು ನೆನಪಿದೆಯಾ? ಅನ್ನ ಆರಿಹೋಯಿತು, ಅಡಿಗೆಯವನು ಕೈ ತೊಳೆದವನು ಮತ್ತೆ ಮುಖ ತೋರಿಸಲಿಲ್ಲ. ಆಗ ನಾವಿಬ್ಬರೂ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಿದ್ದೆವು. ಈಗ ಆ ಸರದಿ ನನಗೆ ಬಂತು.

ದೇವಿರಮ್ಮನವರಿಗೆ ಹೋದ ವಾರ ಕಣ್ಣಿನ ಪೊರೆ ತೆಗೆಸಿದರು. "ನಮ್ ಪೂಜೆ ನಾವ್ ಮಾಡ್ಸಿವಿ. ನಿಮ್ ದೇವ್ರತ್ರಾನೂ ಒಂದ್ ಮಾತ್ ಆಕ್ಬುಡಿ" ಎಂದು ಗೌಡರು ಹೇಳಿಕಳಿಸಿದ್ದಕ್ಕೆ ಶನಿವಾರ ಸಂಜೆ ಹೋದೆವು. ಹೊನ್ನಯ್ಯನವರು, ಮಗ ಯತೀಶ, ಬಸುರಿ ಸೊಸೆ ರಂಜಿತ, ಎಲ್ಲರೂ ಚಾಪೆ ಹಾಸಿಕೊಂಡು ಕೂತರು. ದೇವಿರಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಮಂಚದ ಮೇಲಿದ್ದರು. ಭಾವ ಶುರುಮಾಡಿದರು. "ಕರ್ತನೇ, ಈ ತಾಯಿಯ ಕಣ್ಣನ್ನು ನಿನ್ನ ಕೈಯಿಂದ ಮುಟ್ಟು" ಎಂದರು. ಉಸಿರು ಕೂಡ ಎಳೆಯದೆ ಮುಂದುವರಿದರು. "ಹಾಗೆಯೇ ನಮ್ಮ ಸುಗಂಧಳನ್ನೂ ಮುಟ್ಟು ಸ್ವಾಮಿ. ಡಾಕ್ಟರು ಕ್ಯಾನ್ಸರ್ ಎಂದ ಮಾತು ಅವಳ ಕಿವಿಗೆ ಬೀಳುವ ಮೊದಲೇ ಆ ಗಡ್ಡೆಯನ್ನು ಕರಗಿಸು. ನಮ್ಮ ಸಭೆಯ ಸುಗ್ಗಿ ಹಬ್ಬ ಮುಗಿದ ಮೇಲೆ ಕರುಣಾ ಮಗಳ ನಿಶ್ಚಿತಾರ್ಥದ ನೆಪ ಹೇಳಿ ಅವಳನ್ನು ಕರೆಸಿಕೊಂಡಾಗ, ಆಪರೇಷನ್ ಎಂದು ಕೇಳಿ ಅವಳು ಕುಸಿಯದಂತೆ ಹಿಡಿದುಕೋ. ನನಗೆ ಹೇಳುವ ಧೈರ್ಯವಿಲ್ಲ." ಆಮೇಲೆ ಹೊನ್ನಯ್ಯನವರ ಮಂಡಿ, ಯತೀಶನ ಬೋರ್‌ವೆಲ್, ರಂಜಿತಳ ಹೆರಿಗೆ. ಆಮೆನ್.

ಹೇಗಾಯಿತೆಂದು ನನಗೆ ಆಮೇಲೆ ಹೊಳೆಯಿತು. ದಿನಾ ಬೆಳಗಿನ ಜಾವ ಒಬ್ಬರೇ ಕೂತು ಇದೇ ಹೆಸರುಗಳನ್ನು ಇದೇ ಸಾಲಿನಲ್ಲಿ ಹೇಳುತ್ತಾರಲ್ಲ, ಅಲ್ಲಿ ದೇವಿರಮ್ಮನವರ ಕಣ್ಣಿನ ಹಿಂದೆಯೇ ನನ್ನ ಗಡ್ಡೆ ನಿಂತಿದೆ. ಗೆಜ್ಜಲಗೆರೆ ಎಂದು ಕೂಗಿದ ಬಾಯಿಗೆ ಮಂಡ್ಯ ತಾನಾಗಿ ಬರುವ ಹಾಗೆ ಬಂದುಬಿಟ್ಟಿತು. ತಾವು ಎಲ್ಲಿ ಕೂತಿದ್ದೇವೆಂಬುದೇ ಅವರಿಗೆ ಮರೆತುಹೋಗಿತ್ತು.

ಗೌಡರ ಮನೆಯಲ್ಲಿ ಪ್ರಾರ್ಥನೆಗೆ ಯಾರೂ ಕಣ್ಣು ಮುಚ್ಚುವುದಿಲ್ಲ, ಕೈಮುಗಿದು ನೋಡುತ್ತಾ ಕೂರುತ್ತಾರೆ. ನಾನು ಕಣ್ಣು ಬಿಟ್ಟಾಗ ಅಷ್ಟು ಜನರೂ ನನ್ನನ್ನೇ ನೋಡುತ್ತಿದ್ದರು. ನನ್ನ ಮುಖ ಏನಾಗಿತ್ತೋ ಕಾಣೆ. ಬಲಗೈ ತಾನಾಗಿ ಎದೆಯ ಮೇಲೆ ಹೋಗಿತ್ತು. ದೇವಿರಮ್ಮ ಮಂಚದಿಂದ ಬಗ್ಗಿ ನನ್ನ ಭುಜ ಹಿಡಿದುಕೊಂಡರು. ನಿನ್ನ ಭಾವ ಕಣ್ಣೊರೆಸಿಕೊಂಡು, "ರಂಜಿತಮ್ಮ, ಕಾಫಿ ಕೊಡ್ತೀಯಾ?" ಎಂದರು. ಆ ಹುಡುಗಿ ಕೊಟ್ಟ ಕಾಫಿಗೆ ಸಕ್ಕರೆಯೇ ಇರಲಿಲ್ಲ, ಅದನ್ನೂ ಇವರು ಗಮನಿಸಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಏನೆಂದರು ಗೊತ್ತೇ? "ಇವತ್ತು ಪ್ರಾರ್ಥನೆ ಅವರ ಮನಸ್ಸಿಗೆ ಮುಟ್ಟಿತು ನೋಡು ಸುಗಂಧಾ, ಎಲ್ಲರೂ ಹೇಗೆ ಗಪ್ಪಾಗಿಬಿಟ್ಟರು." ನಾನು ಹೂಂ ಎಂದೆ.

ಮಾರನೆಯ ಬೆಳಿಗ್ಗೆ ಭಾವ ದೇವಾಲಯದಲ್ಲಿ ಬೆಂಚು ಒರೆಸುತ್ತಿದ್ದಾಗ ದೇವಿರಮ್ಮ ನಮ್ಮ ಅಡಿಗೆಮನೆಯ ಹಿಂಬಾಗಿಲಿನಿಂದ ಬಂದರು. ಕಪ್ಪು ಕನ್ನಡಕ ಹಾಗೇ ಇತ್ತು. "ಅಮ್ನೋರೆ, ನಿಮ್ಗೆ ಗೊತ್ತಿರ್ನಿಲ್ಲ ಅಂತ ನಿಮ್ ಮಖ ನೋಡೇ ತಿಳ್ಕಂಡೆ. ಬುಡಿ, ಕೇಳಿಸ್ಕಂಡಿದ್ದು ಕೇಳಿಸ್ಕಂಡಾಯ್ತು. ಗಂಡುಸ್ರು ಎದ್ರುಪುಕ್ಲು ಕಣಮ್ಮ, ನೀವ್ ಕಾಯ್ತಾ ಕೂತ್ಕಬ್ಯಾಡಿ, ಬಿರ್ನೆ ಓಗಿ ಕುಯ್ಸ್ಕಂಡ್ ಬನ್ನಿ" ಎಂದರು. ಹೋಗುವಾಗ ತಿರುಗಿ, ಮುತ್ತತ್ತಿರಾಯನಿಗೆ ನನ್ನ ಹೆಸರಲ್ಲಿ ಹರಕೆ ಕಟ್ಟಿಕೊಂಡಿರುವುದಾಗಿಯೂ, "ಅಯ್ನೋರ್ಗೆ ಏಳ್ಬ್ಯಾಡಿ, ಬ್ಯಾಸ್ರ ಮಾಡ್ಕಂಡಾರು" ಎಂದೂ ಹೇಳಿದರು. ಜನರಿಗಾಗಿ ಪ್ರಾರ್ಥಿಸಲು ಬಂದವಳು ನಾನು. ಈಗ ಊರೇ ನನ್ನ ಸಲುವಾಗಿ ತನ್ನ ದೇವರನ್ನು ಬೇಡಿಕೊಳ್ಳುತ್ತಿದೆ. ನಲ್ಲಿಯ ಹತ್ತಿರ ಹೆಂಗಸರು ನನ್ನ ಕೈಯಿಂದ ಕೊಡ ಕಿತ್ತುಕೊಂಡು ತಾವೇ ತಂದಿಡುತ್ತಾರೆ. ನಿನ್ನೆ ಬಾಗಿಲಲ್ಲಿ ಹಾಲು, ಅವರೆಕಾಯಿ, ಒಂದು ಸೀಬೆಹಣ್ಣಿನ ಚೀಲ. ಭಾವ ಅದನ್ನೆಲ್ಲ ನೋಡಿ, ಸೇವೆಗೆ ಈಗ ಫಲ ಬರುತ್ತಿದೆ ಎಂದು ಸಂತೋಷಪಡುತ್ತಿದ್ದಾರೆ. ಊರಿಗೆಲ್ಲ ಗೊತ್ತು, ನನಗೂ ಗೊತ್ತು. ನನಗೆ ಗೊತ್ತೆಂಬುದು ಗೊತ್ತಿಲ್ಲದವರು ಇಲ್ಲಿ ಅವರೊಬ್ಬರೇ.

ನಿನ್ನ ಮೇಲೆ ಎಷ್ಟು ಸಿಟ್ಟಿದೆಯೆಂದು ಹೇಗೆ ಬರೆಯಲಿ? ಸೆಪ್ಟೆಂಬರಿನಲ್ಲಿ ಹಾಸನಕ್ಕೆ ಬಂದು, ನಿಮ್ಮ ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿಸಿಕೊಂಡೆನಲ್ಲ, ನೀನು ನಗುನಗುತ್ತಾ ಬಂದು, "ಅಕ್ಕಾ, ಏನಿಲ್ಲ, ಕೊಬ್ಬು, ಮಾತ್ರೆ ತಗೊಂಡರೆ ಸಾಕು" ಎಂದೆಯಲ್ಲ. ನಾನು ನಂಬಿ, ಆ ದಿನ ಖುಷಿಗೆ ಎರಡು ದೋಸೆ ಜಾಸ್ತಿ ತಿಂದೆ. ಆ ದೋಸೆಗೆ ಚಟ್ನಿ ಬಡಿಸಿದವಳೂ ನೀನೇ. ಸ್ಫೂರ್ತಿಗೆ ಗಂಡು ಗೊತ್ತಾಗಿರುವುದಾದರೂ ನಿಜವೋ, ಅದೂ ನೆಪವೋ? ಆ ನಿಶ್ಚಿತಾರ್ಥಕ್ಕೆಂದು ನಾನು ಮಂಡ್ಯಕ್ಕೆ ಹೋಗಿ ಸೀರೆ ಬೇರೆ ತಂದಿಟ್ಟಿದ್ದೇನೆ. ನೀನು ನರ್ಸು. ಗಡ್ಡೆಯ ವಿಷಯದಲ್ಲಿ ಎರಡು ತಿಂಗಳು ಎಂದರೇನೆಂದು ನನಗಿಂತ ನಿನಗೆ ತಿಳಿದಿರಬೇಕು. ನಿಮಗೆ ಧೈರ್ಯ ಬರಲಿ ಎಂದು ಅದು ಕಾದು ಕೂತಿರುತ್ತದೆಯೇ?

ಭಾವನ ಮೇಲೆ ಸಿಟ್ಟು ಇನ್ನೂ ಜಾಸ್ತಿ. ದಿನಾ ದೇವರಿಗೆ ಹೇಳಿದ್ದನ್ನು ಗೋಡೆಯ ಈಚೆ ಒಲೆ ಊದುತ್ತಿದ್ದವಳಿಗೆ ಹೇಳಲು ಏನಾಗಿತ್ತು? ಆದರೂ ಮುಖ ನೋಡಿದರೆ ಬಾಯಿ ಕಟ್ಟುತ್ತದೆ. ಎರಡು ತಿಂಗಳಿಂದ ಸೊರಗಿದ್ದಾರೆ. ಮನೆಮನೆ ಅಲೆದು ಹೀಗಾಗಿದ್ದಾರೆ ಎಂದುಕೊಂಡಿದ್ದೆ. ನನ್ನ ಕೈಯಿಂದ ಪೊರಕೆ ಇಸಿದುಕೊಳ್ಳುತ್ತಿದ್ದರು, ಎಂದೂ ಇಲ್ಲದೆ ಬಟ್ಟೆ ಒಗೆದು ಹಾಕುತ್ತಿದ್ದರು. ಸೇವೆಯ ಹುಮ್ಮಸ್ಸು ಎಂದುಕೊಂಡು ನಾನು ಅದಕ್ಕೂ ಕೊಂಕು ಮಾತಾಡಿದ್ದೆ. ಒಂದು ಮಾತು ನಿನಗೆ ಮಾತ್ರ ಹೇಳುತ್ತೇನೆ ಕರುಣಾ, ನನಗೆ ಭಯವಾಗಿದೆ. ತುಂಬ ಭಯವಾಗಿದೆ. ಎಷ್ಟೋ ಜನ ಸಾಯುವವರ ಮಂಚದ ಬಳಿ ಕೂತು ಹೆದರಬೇಡಿ ಎಂದು ಹೇಳಿದವಳು ನಾನು. ಆ ಮಾತಿಗೆ ಎಷ್ಟು ಬೆಲೆಯೆಂದು ಈಗ ನೋಡುತ್ತಿದ್ದೇನೆ.

ಈ ಕಾಗದ ಕಂಡ ಕೂಡಲೇ ನನಗೆ ಇದ್ದದ್ದು ಇದ್ದ ಹಾಗೆ ಬರೆ. ಎಷ್ಟು ಹರಡಿದೆ, ಡಾಕ್ಟರು ಏನೆಂದರು, ತಡವಾಗಿದೆಯೋ ಇಲ್ಲವೋ, ಏನನ್ನೂ ಬಿಡಬೇಡ. ನಿನ್ನ ಉತ್ತರ ಬರುವ ತನಕ ಭಾವನ ಮುಂದೆ ನಾನು ಏನೂ ಗೊತ್ತಿಲ್ಲದವಳ ಹಾಗೆಯೇ ಇರುತ್ತೇನೆ. ಅವರಾಗಿ ಹೇಳಲಿ ಎಂಬ ಹಟವೂ ಇದೆ, ಹೇಳಿದರೆ ಇಬ್ಬರೂ ಕೂತು ಅಳಬೇಕಾಗುತ್ತದಲ್ಲ ಎಂಬ ಹೆದರಿಕೆಯೂ ಇದೆ. ನಾಳೆ ಬುಧವಾರ ಯತೀಶ ಮಳವಳ್ಳಿಗೆ ಹೋಗುವಾಗ ಇದನ್ನು ಸ್ಪೀಡ್ ಪೋಸ್ಟಿಗೆ ಹಾಕುತ್ತಾನೆ.

ನಿಮ್ಮ ಯಜಮಾನರಿಗೆ ನನ್ನ ವಂದನೆ. ಸ್ಫೂರ್ತಿಗೆ ದೊಡ್ಡಮ್ಮನ ಆಶೀರ್ವಾದ, ಗಂಡು ಇರಲಿ ಬಿಡಲಿ. ನಿನ್ನ ಮನೆಯನ್ನೂ ನಿನ್ನ ಆ ಕಾಲನ್ನೂ ಕರ್ತನು ಕಾಯಲಿ.

ಕೋಪ ಇಳಿಯದಿದ್ದರೂ ನಿನ್ನವಳೇ ಆದ,
ಅಕ್ಕ ಸುಗಂಧ

ತಾ.ಕ.: ಮೇಲೆ ಬರೆದದ್ದರಲ್ಲಿ ಅರ್ಧ ಈಗ ಸುಳ್ಳಾಯಿತು. ಕಾಗದ ಅಂಟಿಸುವ ಮೊದಲು ಸಂಜೆಯ ಪ್ರಾರ್ಥನೆಗೆ ಕೂತೆವು. ಮನೆಯಲ್ಲಿ ಒಂದು ದಿನ ಅವರು, ಒಂದು ದಿನ ನಾನು. ಇವತ್ತು ನನ್ನದು. ಕಣ್ಣು ಮುಚ್ಚಿದೆ, ಏನು ಹೇಳಬೇಕೆಂದು ಯೋಚಿಸಿರಲಿಲ್ಲ. "ಕರ್ತನೇ, ನನಗೆ ಕ್ಯಾನ್ಸರ್ ಇದೆಯೆಂದು ನನಗೆ ಗೊತ್ತಾಗಿದೆ. ನನಗೆ ಗೊತ್ತಾಗಿದೆ ಎಂಬುದು ನನ್ನ ಗಂಡನಿಗೆ ಗೊತ್ತಿಲ್ಲ. ಅವರಿಗೆ ಧೈರ್ಯ ಕೊಡು. ನನಗೆ ಇನ್ನೂ ಬದುಕಬೇಕೆಂದು ಆಸೆ" ಎಂದು ಗಟ್ಟಿಯಾಗಿಯೇ ಹೇಳಿಬಿಟ್ಟೆ. ಆಮೇಲೆ ಇಬ್ಬರೂ ಕೂತು ಅತ್ತದ್ದೂ ಆಯಿತು. ಸುಗ್ಗಿ ಹಬ್ಬದ ತನಕ ಕಾಯುವುದಿಲ್ಲ, ಸೋಮವಾರ ಬೆಳಿಗ್ಗೆ ಇಬ್ಬರೂ ಹಾಸನಕ್ಕೆ ಬರುತ್ತೇವೆ, ಆಸ್ಪತ್ರೆಯಲ್ಲಿ ಹಾಸಿಗೆ ಹೇಳಿಡು. ಡಾಕ್ಟರು ಏನು ಹೇಳುವುದಿದ್ದರೂ ನನ್ನ ಮುಖ ನೋಡಿ ನನಗೇ ಹೇಳಲಿ. ಅಕ್ಷರ ಸೊಟ್ಟಗಿರುವುದನ್ನು ಕಂಡು ಕೈ ನಡುಗುತ್ತಿದೆಯೆಂದು ಗಾಬರಿಯಾಗಬೇಡ. ಬಲಗೈಯನ್ನು ನಿನ್ನ ಭಾವ ಹಿಡಿದುಕೊಂಡಿದ್ದಾರೆ, ಬಿಡುತ್ತಿಲ್ಲ. ಇಷ್ಟನ್ನೂ ಎಡಗೈಯಲ್ಲಿ ಬರೆದೆ.